ಮುಕಾದಮ ಕಟ್ಟಿದ ಸಾಲಿ

ಬೆಳಗಿನ ಐದೂವರೆ. ದೀಪಾವಳಿ ಮುಗಿದು ನಾಲ್ಕು ದಿನವಾಗಿದೆ. ಕರಿಗುಡ್ಡ ತಾಂಡಾದ ಬೇವಿನ ಮರದ ಕೆಳಗೆ ಲಾರಿಯೊಂದು ಹೊರಡಲು ಸಿದ್ಧವಾಗಿ ನಿಂತಿದೆ. ಜೋಳದ ಚೀಲ, ಹಾಸಿಗೆಯ ಸುರುಳಿ, ತಗಡಿನ ಟ್ರಂಕು, ಬುಟ್ಟಿಯೊಳಗೆ ಕೋಳಿ, ಕಬ್ಬು ಕಡಿಯುವ ಕೊಯ್ತಾಗಳ ಕಟ್ಟು. ಅದರ ಮೇಲೆಲ್ಲ ಮಂದಿ. ಬಸವನ ಬಾಗೇವಾಡಿ ದಾಟಿ, ವಿಜಾಪುರ ಹಾಯ್ದು, ಸಂಜೆಯ ಹೊತ್ತಿಗೆ ಇವರು ಸಾಂಗಲಿ ಕಡೆಯ ಕಬ್ಬಿನ ಗದ್ದೆ ಮುಟ್ಟಬೇಕು. ಮತ್ತೆ ತಾಂಡಾದ ಮುಖ ಕಾಣುವುದು ಹೋಳಿಯ ಹೊತ್ತಿಗೆ.

ಅಷ್ಟರಲ್ಲಿ ಏರು ದಾರಿಯಲ್ಲಿ ಸೈಕಲ್ ದೂಡುತ್ತ ಒಬ್ಬರು ಬರುತ್ತಾರೆ. ಮಾಸಿದ ಧೋತರ, ತಲೆಗೆ ಕೆಂಪು ರುಮಾಲು, ಕಿವಿಯಲ್ಲಿ ಬೆಳ್ಳಿಯ ಒಂಟಿ. ಸೈಕಲ್ಲನ್ನು ಲಾರಿಯ ಮುಂದಿನ ಗಾಲಿಗೆ ಆನಿಸಿ ನಿಲ್ಲಿಸಿ, ಮೇಲೆ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಾರೆ. ಸೈಕಲ್ ತೆಗೆಯುವವರೆಗೆ ಲಾರಿ ಕದಲುವಂತಿಲ್ಲ ಎಂಬುದು ಡ್ರೈವರನಿಗೆ ಗೊತ್ತು. ಅವನು ಬೀಡಿ ಹಚ್ಚುತ್ತಾನೆ.

"ಚಂದ್ರಾಮ, ಹುಡುಗಿ ಎಲ್ಲಿ?"

ಚೀಲಗಳ ಮೇಲೆ ಕೂತ ಚಂದ್ರಾಮ ಮುಖ ಆ ಕಡೆ ತಿರುಗಿಸುತ್ತಾನೆ. ಅವನ ಹೆಂಡತಿಯ ಬೆನ್ನ ಹಿಂದೆ ಒಂಬತ್ತನೇ ಇಯತ್ತೆಯ ಜಯಶ್ರೀ, ತೊಡೆಯ ಮೇಲೆ ಮೂರು ವರ್ಷದ ತಮ್ಮನನ್ನು ಕೂರಿಸಿಕೊಂಡು ತಲೆ ತಗ್ಗಿಸಿದ್ದಾಳೆ.

"ಈ ಕೂಸಿನ್ನ ನೋಡ್ಕೊಳ್ಳಾಕ ಯಾರೂ ಇಲ್ಲ ಕಾಕಾ," ಎನ್ನುತ್ತಾಳೆ ತಾಯಿ. "ನಾವಿಬ್ರೂ ಗದ್ದಿಗೆ ಇಳದ್ರ ಇಂವ ಕೊಯ್ತಾದ ಬಾಯಿಗೆ ಬರ್ತಾನ."

"ಹಂಗಾರ ಅವನ್ನೂ ಇಳಸು. ಸಾಲ್ಯಾಗ ಐದು ಮಂದಿ ಮುದುಕ್ಯಾರು ಅದಾರ. ಅವರಿಗೆ ಇನ್ನೊಂದು ಕೂಸು ಭಾರ ಅಲ್ಲ."

ತಾಯಿ ಗಂಡನ ಮುಖ ನೋಡುತ್ತಾಳೆ. ಗಂಡ ಲಾರಿಯ ಹಲಗೆಯನ್ನು ನೋಡುತ್ತಾನೆ. ಡ್ರೈವರನ ಬೀಡಿ ಮುಗಿಯುತ್ತದೆ. ಕೊನೆಗೆ ಚಂದ್ರಾಮನೇ ಎದ್ದು, ಮೊದಲು ಮಗನನ್ನು, ಆಮೇಲೆ ಮಗಳನ್ನು, ಕೊನೆಗೆ ಅವಳ ಪಾಟಿಚೀಲವನ್ನು ಕೆಳಕ್ಕೆ ಇಳಿಸುತ್ತಾನೆ. ಪಾಟಿಚೀಲ ಲಾರಿಯಲ್ಲೇ ಇತ್ತು. ಅಂದರೆ ಇಳಿಯುವ ಆಸೆ ಹುಡುಗಿಗೆ ಮೊದಲಿಂದಲೂ ಇತ್ತು.

"ಒಬ್ಬಾಕೀನ ಕೇಳಾಕ ಬಂದಿದ್ದೆ, ಇಬ್ರು ಸಿಕ್ರು," ಎಂದು, ಶಾಲೆ ನೋಡಲು ಬಂದ ನನ್ನ ಕಡೆ ತಿರುಗಿ ನಗುತ್ತಾರೆ ಖೀರು ಪವಾರ. ಸೈಕಲ್ ಸರಿಯುತ್ತದೆ, ಲಾರಿ ಹೊರಡುತ್ತದೆ. ಅವರೆಲ್ಲ ಆಡಿದ್ದು ಲಂಬಾಣಿಗರ ಗೋರಬೋಲಿಯಲ್ಲಿ. ದಾರಿಯಲ್ಲಿ ನಡೆಯುತ್ತ ಖೀರು ಅವರು ನನಗೆ ಕನ್ನಡದಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ನಡುವಿನ ಕಲ್ಲುಗುಡ್ಡದ ಮೇಲೆ ಈ ತಾಂಡಾ ಇದೆ. ಸುತ್ತ ಇನ್ನೂ ಆರು ತಾಂಡಾಗಳಿವೆ. ಏಳಕ್ಕೂ ಸೇರಿ ಒಂದೇ ಹೈಸ್ಕೂಲು. ಅದನ್ನು ಕಟ್ಟಿದ್ದು ಸರಕಾರವಲ್ಲ, ಮಠವಲ್ಲ, ಯಾವ ರಾಜಕಾರಣಿಯೂ ಅಲ್ಲ. ಕಟ್ಟಿದವರು ತಾಂಡಾದ ಮಂದಿ. ಅವರನ್ನು ಬೆನ್ನು ಹತ್ತಿ ಕಟ್ಟಿಸಿದವರು ಐವತ್ತೆಂಟರ ಈ ಖೀರು. ಶಾಲೆಯ ಯಾವ ಕಾಗದದಲ್ಲೂ ಇವರ ಹೆಸರಿಗೆ ಹುದ್ದೆ ಇಲ್ಲ. ಮಕ್ಕಳಿಗೆ ಇವರು ಖೀರು ಕಾಕಾ. ಬೆಳಗ್ಗೆ ಗೈರುಹಾಜರಾದ ಮಕ್ಕಳ ಮನೆಗೆ ಹೋಗುವುದು, ಮಧ್ಯಾಹ್ನ ಜೋಳದ ಹಿಟ್ಟು ಹಾಕಿಸಿಕೊಂಡು ಬರುವುದು, ಸಂಜೆ ನೀರಿನ ಟಾಕಿ ನೋಡುವುದು ಇವರ ಕೆಲಸ. ದಿನಕ್ಕೆ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಸೈಕಲ್ ತುಳಿಯುತ್ತಾರೆ.

ಇದಕ್ಕಿಂತ ಮೊದಲು ಹದಿನೈದು ವರ್ಷ ಅವರು ಮಾಡಿದ್ದು ಇದಕ್ಕೆ ತದ್ವಿರುದ್ಧದ ಕೆಲಸ. ಅವರು ಮುಕಾದಮರಾಗಿದ್ದರು. ಕಬ್ಬು ಕಡಿಯುವ ಟೋಳಿ ಕಟ್ಟಿ, ಇದೇ ಬೇವಿನ ಮರದ ಕೆಳಗೆ ಲಾರಿ ನಿಲ್ಲಿಸಿ, ಮಂದಿಯನ್ನು ಹತ್ತಿಸುತ್ತಿದ್ದವರು.

"ಯಾರ ಮನ್ಯಾಗ ಎಷ್ಟು ಕೈ ಅದಾವು ಅನ್ನೋದು ನನಗ ಬಾಯಿಪಾಠ ಇತ್ರಿ. ಹನ್ನೆರಡು ತುಂಬಿದ ಹುಡುಗರನ್ನ ಅರ್ಧ ಕೊಯ್ತಾ ಅಂತಿದ್ವಿ. ಹೆಸರು ಹಿಡದು ಕರೀತಿರಲಿಲ್ಲ. ಈ ಮನ್ಯಾಗ ಎರಡೂವರಿ ಕೊಯ್ತಾ, ಆ ಮನ್ಯಾಗ ಮೂರು, ಹಿಂಗ."

ಆ ಅರ್ಧ ಕೊಯ್ತಾಗಳಲ್ಲಿ ಒಬ್ಬಳು ಶೇವಂತಾ. ಎಂಬತ್ತಾರರಲ್ಲಿ ಅವಳು ಏಳನೇ ಇಯತ್ತೆ ಪಾಸಾದಳು. ತಾಂಡಾದಲ್ಲಿ ಅಲ್ಲಿಯವರೆಗೆ ಯಾವ ಹುಡುಗಿಯೂ ಅಷ್ಟು ಓದಿರಲಿಲ್ಲ. ಹನ್ನೊಂದು ಕಿಲೋಮೀಟರ್ ದೂರದ ಊರಲ್ಲಿ ಹೈಸ್ಕೂಲಿತ್ತು, ಅಲ್ಲಿ ಅವಳ ಸೋದರಮಾವನ ಮನೆಯೂ ಇತ್ತು. ಮುಂಗಡ ಹಣ ಪಡೆದಿದ್ದ ಅವಳ ಅಪ್ಪ ಬಂದು ಮುಕಾದಮನ ಮುಂದೆ ಕೈಮುಗಿದು ನಿಂತ. ಈ ಒಂದು ವರ್ಷ ಹುಡುಗಿಯನ್ನು ಬಿಟ್ಟುಬಿಡು, ಓದಲಿ ಎಂದ. ಖೀರು ಬಿಡಲಿಲ್ಲ. ಟೋಳಿಯಲ್ಲಿ ಕೈ ಕಡಿಮೆ ಬಿದ್ದಿದ್ದವು. ಶೇವಂತಾ ಲಾರಿ ಹತ್ತಿದಳು. ಮರುವರ್ಷವೂ ಹತ್ತಿದಳು. ಅದರ ಮರುವರ್ಷ ಮದುವೆಯಾಗಿ ಗಂಡನ ಜೊತೆ ಹತ್ತಿದಳು.

ತೊಂಬತ್ತಾರರ ಜನವರಿ. ಸಾಂಗಲಿ ಕಡೆಯ ಒಂದು ಗದ್ದೆಯ ಬದುವಿನಲ್ಲಿ ಟೋಳಿ ಊಟಕ್ಕೆ ಕೂತಿದೆ. ರೊಟ್ಟಿ ಕಟ್ಟಿ ತಂದಿದ್ದ ಮರಾಠಿ ಪೇಪರಿನ ತುಂಡನ್ನು ಬಿಡಿಸಿ ಶೇವಂತಾ ಓದುತ್ತಿದ್ದಾಳೆ. ಕನ್ನಡ ಓದಿದವಳು ಮರಾಠಿಯನ್ನು ತಾನೇ ಅಕ್ಷರ ಕೂಡಿಸಿ ಕಲಿತುಕೊಂಡಿದ್ದಳು. ಪಕ್ಕದಲ್ಲಿ ಅವಳ ಆರು ವರ್ಷದ ಮಗಳು ಕೂತು ಕೇಳುತ್ತಿದ್ದಾಳೆ. ಖೀರು ಸುಮ್ಮನೆ ಚೇಷ್ಟೆಗೆ ಅಂದರು: "ಏನವಾ, ಮಾಸ್ತರ್ಣಿ ಆಗಾಕಿ ಏನು?"

ಶೇವಂತಾ ಪೇಪರಿನಿಂದ ತಲೆ ಎತ್ತದೆ ಹೇಳಿದಳು: "ಆಗ್ತಿದ್ನಿ ಕಾಕಾ. ನೀ ಬಿಟ್ಟಿದ್ರ."

"ಸಿಟ್ಟಿಲೆ ಅಂದಿದ್ರ ನಾನೂ ಸಿಟ್ಟಿಗೇಳ್ತಿದ್ನಿ," ಎನ್ನುತ್ತಾರೆ ಖೀರು. "ಆಕಿ ಸಾದಾ ಅಂದ್ಲರಿ. ಮಳಿ ಬಂದಿದ್ರ ಬೆಳಿ ಬರ್ತಿತ್ತು ಅಂದಂಗ. ನಾ ರೊಟ್ಟಿ ಕೆಳಗಿಟ್ಟೆ. ಆಕಿ ಮಗಳನ್ನ ನೋಡಿದೆ. ಇನ್ನ ಆರು ವರ್ಷಕ್ಕ ಇದೂ ಅರ್ಧ ಕೊಯ್ತಾ ಆಗತೈತಿ, ಇದನ್ನೂ ನಾನೇ ಹತ್ತಸ್ತೇನಿ ಅನ್ನೋದು ತಲ್ಯಾಗ ಬಂತು."

ಹೋಳಿಗೆ ತಾಂಡಾಕ್ಕೆ ಮರಳಿದ ಮೇಲೆ ಅವರು ಟೋಳಿ ಕಟ್ಟುವುದನ್ನು ಬಿಟ್ಟರು. ನಾಯಕ, ಕಾರಭಾರಿ ಮತ್ತಿತರ ಹಿರಿಯರು ಸೇರುವ ತಾಂಡಾದ ಕಟ್ಟೆಯಲ್ಲಿ ಎದ್ದು ನಿಂತು, ನಮ್ಮದೇ ಹೈಸ್ಕೂಲು ಬೇಕು ಎಂದರು. ಮಂದಿ ನಕ್ಕರು. ಲಾರಿ ತುಂಬುತ್ತಿದ್ದವನು ಶಾಲೆ ತೆಗೆಯುತ್ತಾನಂತೆ ಎಂದರು. ನಗದೆ ಇದ್ದವಳು ಶೇವಂತಾ ಒಬ್ಬಳೇ. "ಗಂಡಸ್ರು ಕಟ್ಟಿ ಮ್ಯಾಲ ಕುಂತು ಸಾಲಿ ಮಾಡಿದ್ರ ನಡೆಂಗಿಲ್ಲ. ಕಮಿಟ್ಯಾಗ ಅರ್ಧ ಹೆಂಗಸ್ರು ಇರಬೇಕು," ಎಂದು ಅವಳು ಪಟ್ಟು ಹಿಡಿದಳು. ಹಾಗೇ ಆಯಿತು.

ಗುಡ್ಡದ ಕೆಳಗೆ, ಕಾಲುವೆ ತೋಡಿದವರು ಬಿಟ್ಟುಹೋದ ತಗಡಿನ ಮೂರು ಶೆಡ್ಡುಗಳಿದ್ದವು. ಅವನ್ನು ಕೇಳಿ ಪಡೆದರು. ಗೋಡೆ ಕಟ್ಟಿದ್ದು ತಾಂಡಾದ ಗೌಂಡಿಗಳು. ಗೋವಾದಲ್ಲಿ ಮಂದಿಯ ಮನೆ ಕಟ್ಟಿ ಬಂದ ಕೈಗಳಿಗೆ ಇದು ಮೊದಲ ಸ್ವಂತ ಕೆಲಸ. ಮನೆಗೊಂದು ಚೀಲ ಜೋಳ, ಮನೆಗೊಂದು ದಿನದ ದುಡಿಮೆ ಎಂದು ಕಟ್ಟೆಯಲ್ಲಿ ತೀರ್ಮಾನವಾಯಿತು. ಮಾಸ್ತರರೊಬ್ಬರು ಬೇಕಾಗಿತ್ತು. ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಸಿಂದಗಿ ತಾಲ್ಲೂಕಿನ ಯಂಕಂಚಿಯ ಸಿದ್ದಾರೂಢ ಸಿಕ್ಕರು.

ಈಗ ಮುಖ್ಯೋಪಾಧ್ಯಾಯರಾಗಿರುವ ಸಿದ್ದಾರೂಢ ಆ ಸಂದರ್ಶನವನ್ನು ನೆನೆದು ಇನ್ನೂ ನಗುತ್ತಾರೆ. "ಆರು ಮಂದಿ ಹೆಣ್ಮಕ್ಕಳು ಸಾಲಾಗಿ ಕುಂತಿದ್ರು. ಸರ್ಟಿಫಿಕೇಟ್ ಯಾರೂ ಕೇಳಲಿಲ್ರಿ. ಮಕ್ಕಳನ್ನ ಬಡೀತೀಯೇನು ಅಂದ್ರು. ಇಲ್ಲ ಅಂದೆ. ನಮ್ಮ ಮಾತು ಕಲೀತೀಯೇನು ಅಂದ್ರು. ಕಲೀತೇನಿ ಅಂದೆ. ಮಕ್ಕಳು ನಕ್ರ ಸಿಟ್ಟಿಗೇಳಬಾರದು ಅಂದ್ರು. ಮೊದಲ ಒಂದು ವರ್ಷ ಮಕ್ಕಳು ನಕ್ಕಿದ್ದೇ ನಕ್ಕಿದ್ದು."

ತೊಂಬತ್ತೇಳರ ಜೂನ್‌ನಲ್ಲಿ ಇಪ್ಪತ್ತಮೂರು ಮಕ್ಕಳೊಂದಿಗೆ ಎಂಟನೇ ಇಯತ್ತೆ ಶುರುವಾಯಿತು. ಪಾಠಪುಸ್ತಕ ಎಲ್ಲ ಕಡೆ ಇರುವುದೇ. ಆದರೆ ಎಂಟನೇ ಇಯತ್ತೆಯಲ್ಲಿ ಪಾಠವನ್ನು ಮೊದಲು ಗೋರಬೋಲಿಯಲ್ಲಿ ಹೇಳಿ, ಆಮೇಲೆ ಕನ್ನಡಕ್ಕೆ ಬರುತ್ತಾರೆ. ಬೇರೆ ಊರಿನ ಶಾಲೆಗಳಲ್ಲಿ ಮನೆಮಾತು ಆಡಿದ್ದಕ್ಕೆ ಬೆಂಚಿನ ಮೇಲೆ ನಿಂತ ಮಕ್ಕಳು ಇಲ್ಲಿ ಕೈ ಎತ್ತಿ ಮಾತಾಡತೊಡಗಿದರು. ವಾರಕ್ಕೆ ಮೂರು ತಾಸು ತಾಂಡಾದ ಮುದುಕಿಯರೇ ಗುರುಗಳು. ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದ ಹಿರೀಕರ ಕಥೆ, ಹಬ್ಬದ ಹಾಡು, ಕನ್ನಡಿ ಕೂರಿಸುವ ಕಸೂತಿ, ಇವೆಲ್ಲ ವೇಳಾಪಟ್ಟಿಯಲ್ಲೇ ಇವೆ. ಸಮಬಾಹು ತ್ರಿಕೋನ ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದ ಹುಡುಗಿ ತನ್ನ ಅಜ್ಜಿಯ ಲಂಗದ ಅಂಚಿನಲ್ಲಿ ಮೂವತ್ತು ತ್ರಿಕೋನಗಳನ್ನು ಒಂದೇ ಅಳತೆಗೆ ಹೊಲಿದಿದ್ದಳು ಎಂದು ಸಿದ್ದಾರೂಢ ಹೇಳುತ್ತಾರೆ. ಆವತ್ತಿನಿಂದ ಅವರ ಗಣಿತದ ತಾಸಿಗೆ ಒಬ್ಬ ಮುದುಕಿ ಸೂಜಿದಾರ ಹಿಡಿದು ಬರತೊಡಗಿದಳು.

ತಂದೆತಾಯಿ ಗುಳೆ ಹೋದಾಗ ಮಕ್ಕಳಿಗೆ ಶಾಲೆಯಲ್ಲೇ ಮಲಗುವ ವ್ಯವಸ್ಥೆ. ಅದರ ಪೂರ್ತಿ ಹೊಣೆ ಶೇವಂತಾಬಾಯಿಯದು. ಅವರೂ ಲಾರಿ ಹತ್ತುವುದನ್ನು ನಿಲ್ಲಿಸಿದ್ದರು. ರೊಟ್ಟಿ ಬಡಿಯಲು ಮನೆಗಳಿಂದ ಸರದಿಯ ಮೇಲೆ ಮುದುಕಿಯರು ಬರುತ್ತಿದ್ದರು.

ಎರಡು ವರ್ಷ ತಾತ್ಕಾಲಿಕ ಅನುಮತಿಯ ಮೇಲೆ ಶಾಲೆ ನಡೆಯಿತು. ಮೂರನೇ ವರ್ಷ, ಮೊದಲ ತಂಡದಲ್ಲಿ ಉಳಿದ ಹದಿನೇಳು ಮಕ್ಕಳು ಹತ್ತನೇ ಇಯತ್ತೆಗೆ ಬಂದಾಗ, ಕಾಯಂ ಮಾನ್ಯತೆಯ ಕಡತ ಒಂದು ಕಚೇರಿಯ ಮೇಜಿನ ಮೇಲೆ ನಿಂತಿತು. ಮಾನ್ಯತೆ ಇಲ್ಲದಿದ್ದರೆ ಪರೀಕ್ಷೆಯ ಹಾಲ್‌ಟಿಕೆಟ್ ಇಲ್ಲ. ಎರಡು ಸಾವಿರದ ಮಾರ್ಚ್ ಮೊದಲ ವಾರ ಕಡತ ವಾಪಸ್ ಬಂತು. ಮೇಲೆ ಒಂದೇ ಸಾಲಿನ ಷರಾ: ಈ ಹೆಸರಿನ ಊರು ದಾಖಲೆಯಲ್ಲಿ ಕಂಡುಬರುವುದಿಲ್ಲ.

ಮಾತು ಸುಳ್ಳಲ್ಲ. ತಾಂಡಾ ಎರಡು ಊರುಗಳ ಗಡಿಯ ಮೇಲೆ ಕೂತಿದೆ. ಕಂದಾಯದ ಪುಸ್ತಕದಲ್ಲಿ ಆ ಎರಡು ಊರುಗಳಿದ್ದವು, ನಡುವಿನ ತಾಂಡಾ ಇರಲಿಲ್ಲ. ನೂರಾರು ವರ್ಷದಿಂದ ಮಂದಿ ಹುಟ್ಟಿ ಸತ್ತ ಜಾಗಕ್ಕೆ ಕಾಗದದ ಮೇಲೆ ಹೆಸರಿರಲಿಲ್ಲ. ಕಚೇರಿಯ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದರು. ಶಾಲೆಯ ಹೆಸರನ್ನು ಪಕ್ಕದ ಊರಿನ ಹೆಸರಿಗೆ ಬದಲಾಯಿಸಿ ಅರ್ಜಿ ಕೊಡಿ, ಕಮಿಟಿಗೆ ಆ ಊರಿನ ಇಬ್ಬರನ್ನು ಹಾಕಿಕೊಳ್ಳಿ, ಮುಗಿಯಿತು.

"ನಾ ಬರದುಕೊಡಾಕ ತಯಾರಾಗಿದ್ನಿ," ಎಂದು ಖೀರು ಮುಚ್ಚಿಡದೆ ಹೇಳುತ್ತಾರೆ. "ಹದಿನೇಳು ಹುಡುಗರ ವರ್ಷದ ಪ್ರಶ್ನೆ. ಹೆಸರಿನ್ಯಾಗ ಏನೈತಿ ಬಿಡು ಅನಿಸಿತ್ತು."

ಕಟ್ಟೆಯಲ್ಲಿ ಸಭೆ ಸೇರಿತು. ಶೇವಂತಾಬಾಯಿ ಎದ್ದು ನಿಂತರು. "ಹೆಸರು ಅವರದು ಹಾಕಿದ್ರ ನಾಳೆ ಸಾಲೀನೂ ಅವರದ ಆಗತೈತಿ. ಮುದುಕ್ಯಾರ ತಾಸು ತಗೀರಿ ಅಂತಾರ. ಮನಿಮಾತು ಆಡಬ್ಯಾಡ್ರಿ ಅಂತಾರ. ಆಮ್ಯಾಲ ನಮ್ಮ ಹುಡುಗರು ಮತ್ತ ಹಿಂದಿನ ಬೆಂಚಿಗೆ ಹೋಗಿ ಕುಂದ್ರತಾವು. ಹುಡುಗರ್ನ ಕೇಳ್ರಿ, ಅವರಿಗೇನು ಬೇಕು."

ಹದಿನೇಳು ಮಕ್ಕಳನ್ನೂ ಕರೆಸಿದರು. ವಿಜಯಲಕ್ಷ್ಮಿ ಎಂಬ ಹುಡುಗಿ ಮುಂದೆ ಬಂದು ಅಂದಳು: "ಎಂಟು ದಿನ ನೋಡೂಣು ಕಾಕಾ. ಆಗಲಿಲ್ಲಂದ್ರ ಆ ಹೆಸರು ಬರದು ಕೊಡು. ಆದ್ರ ಎಂಟು ದಿನ ಓಡ್ಯಾಡು."

ಖೀರು ಓಡಾಡಿದರು. ಎರಡು ತಾಲ್ಲೂಕಿನ ಕಚೇರಿಗಳಲ್ಲಿ ಹಳೆಯ ಪುಸ್ತಕಗಳನ್ನು ತೆಗೆಸಿದರು. ಎಲ್ಲೂ ಇಲ್ಲ. ಐದನೇ ದಿನ ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ, ತಮ್ಮ ಶಾಲೆಯ ಶೆಡ್ಡುಗಳು ನೆನಪಾದವು. ಕಾಲುವೆಯ ಅಳತೆಗೆಂದು ಬಂದ ಮಂದಿ ಮೊದಲು ಅಲ್ಲೇ ಡೇರೆ ಹಾಕಿದ್ದರು. ಅವರಿಗೆ ಕುಡಿಯುವ ನೀರು ಹೋಗುತ್ತಿದ್ದದ್ದು ತಾಂಡಾದ ಬಾವಿಯಿಂದ. ಅಳತೆಯ ಪಟ್ಟಿ ಹಿಡಿದು ಬಿಸಿಲಲ್ಲಿ ನಿಲ್ಲುತ್ತಿದ್ದ ಖಲಾಸಿ ಗೈಬುಸಾಬ ನಾಲ್ಕು ತಿಂಗಳು ಖೀರು ಅವರ ಮನೆಯ ರೊಟ್ಟಿ ತಿಂದಿದ್ದ. ಮುಂದಿನ ಬಸ್ಸಿಗೇ ಅವರು ಆಲಮಟ್ಟಿಗೆ ಹೋದರು.

ಗೈಬುಸಾಬ ಅಲ್ಲೇ, ಅಣೆಕಟ್ಟಿನ ಕಚೇರಿಯಲ್ಲೇ ಇದ್ದ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಂಗತಿ ಕೇಳಿ ಹಣೆ ಒತ್ತಿಕೊಂಡ.

"ಏ ಖೀರು, ನಿಮ್ಮ ತಾಂಡಾದ ಹೆಸರು ಏನಂತ ಸಾಹೇಬ್ರು ನನ್ನ ಕೇಳಿದ್ರಲ್ಲೋ! ನಾನೇ ಹೇಳಿದ್ನಿ. ಅವರು ಬರಕೊಂಡದ್ದು ನನಗ ನೆನಪೈತಿ. ನಕ್ಷೆಯಾಗ ಇರಲೇಬೇಕು."

ನಕ್ಷೆಗಳ ಕೋಣೆಯಲ್ಲಿ ಎರಡು ದಿನ ಸುರುಳಿ ಬಿಚ್ಚಿದರು. ಎರಡನೇ ದಿನ ಮಧ್ಯಾಹ್ನದ ಮೇಲೆ ಸಿಕ್ಕಿತು. ಕಾಲುವೆಯ ನೀಲಿ ಗೆರೆಯ ಬಲಕ್ಕೆ, ಒಂದು ಬಾವಿಯ ಗುರುತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕರಿಗುಡ್ಡ ತಾಂಡಾ. "ಗೈಬ್ಯಾ ಓದಿ ತೋರಿಸಿದ. ನನಗ ಅಷ್ಟು ಸಣ್ಣ ಅಕ್ಷರ ಕಾಣಲಿಲ್ರಿ. ಬೆರಳಿಟ್ಟು ತೋರಿಸು ಅಂದೆ. ಅವ ಬಟ್ಟಿಟ್ಟ. ನಾನೂ ಅದರ ಮ್ಯಾಲ ಬಟ್ಟಿಟ್ಟೆ."

ಸಹಿ, ಶಿಕ್ಕಾ ಬಿದ್ದ ಪ್ರತಿ ಹಿಡಿದು ಎಂಟನೇ ದಿನ ಖೀರು ಮತ್ತು ಸಿದ್ದಾರೂಢ ಆ ಕಚೇರಿಯ ಮುಂದೆ ನಿಂತರು. ಅಧಿಕಾರಿ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಕನ್ನಡಕ ಏರಿಸಿ, ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗುಮಾಸ್ತರ ಕಡೆ ತಿರುಗಿ, "ಕಾಲುವಿಗೆ ಗೊತ್ತಿರೋ ಊರು ನಮಗ ಗೊತ್ತಿಲ್ಲಂದ್ರ ಹೆಂಗರಿ?" ಎಂದು, ಕಡತ ಎಳೆದುಕೊಂಡು ಬರೆಯತೊಡಗಿದರು.

ಹೊರಗೆ ಬಂದ ಖೀರು ಮೊದಲು ಕಂಡ ಹೋಟೆಲಿನಲ್ಲಿ ಕೂತು ಎರಡು ಪ್ಲೇಟು ಮಿರ್ಚಿ ಭಜಿ ತಿಂದರಂತೆ. "ಎಂಟು ದಿನ ಹೊಟ್ಟಿ ಅನ್ನೋದು ಐತಿ ಅನ್ನೋದ ಮರತಿದ್ನಿ. ಮೂರನೇ ಪ್ಲೇಟು ಹೇಳಿದೆ. ಮಾಸ್ತರ್ರು ಬ್ಯಾಡ ಅಂದ್ರು." ಹಾಲ್‌ಟಿಕೆಟ್ ಕೈಗೆ ಬಂದದ್ದು ಪರೀಕ್ಷೆಯ ಹಿಂದಿನ ದಿನ. ಶೇವಂತಾಬಾಯಿ ಅವನ್ನು ಮಕ್ಕಳಿಗೆ ಕೊಡುವ ಮೊದಲು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಹುಡುಗನ ಹೆಸರು, ಹುಡುಗಿಯ ಹೆಸರು, ಶಾಲೆಯ ಹೆಸರು. ಹದಿನೇಳು ಸಲ ಕರಿಗುಡ್ಡ ತಾಂಡಾ. ಕಟ್ಟೆಯ ಮೇಲೆ ಕೂತ ಹಿರಿಯರು ಮೊದಲ ಬಾರಿ ತಮ್ಮ ಊರಿನ ಹೆಸರನ್ನು ಸರಕಾರದ ಕಾಗದದಿಂದ ಕೇಳಿದರು. ಆ ವರ್ಷ ಹದಿನಾಲ್ಕು ಮಕ್ಕಳು ಪಾಸಾದರು. ಉಳಿದ ಮೂವರು ಅಕ್ಟೋಬರ್‌ನಲ್ಲಿ ಮತ್ತೆ ಕಟ್ಟಿ ಪಾಸಾದರು. ಎರಡು ವರ್ಷದ ನಂತರ ಖಾಸಗಿಯಾಗಿ ಪರೀಕ್ಷೆಗೆ ಕೂತ ಶೇವಂತಾಬಾಯಿಯೂ ಪಾಸಾದರು. ಆಗ ಅವರ ಮಗಳು ಏಳನೇ ಇಯತ್ತೆಯಲ್ಲಿದ್ದಳು.

ಇದು ಎರಡು ಸಾವಿರದ ಆರು. ಶಾಲೆಗೀಗ ಹತ್ತನೇ ವರ್ಷ. ತಗಡಿನ ಶೆಡ್ಡುಗಳ ಜಾಗದಲ್ಲಿ ಕಲ್ಲಿನ ಐದು ಕೋಣೆಗಳಿವೆ. ನೂರ ಇಪ್ಪತ್ತಾರು ಮಕ್ಕಳು, ಅದರಲ್ಲಿ ಅರವತ್ತೆರಡು ಹುಡುಗಿಯರು. ಈ ತಿಂಗಳಿಂದ ಹೋಳಿಯವರೆಗೆ ಎಪ್ಪತ್ತು ಮಕ್ಕಳು ಶಾಲೆಯಲ್ಲೇ ಮಲಗುತ್ತಾರೆ. ದಿನಕ್ಕೆ ಮುನ್ನೂರು ರೊಟ್ಟಿ ಬೇಕು. ಇಂಡಿ, ಸಿಂದಗಿ ಕಡೆಯ ತಾಂಡಾಗಳಿಂದ ನಾಯಕರು ಬಂದು, ಇಂಥದ್ದು ನಮ್ಮಲ್ಲೂ ಹೇಗೆ ಮಾಡುವುದು ಎಂದು ಕೇಳಿ ಹೋಗುತ್ತಿದ್ದಾರೆ. ಖೀರು ಅವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ಮೊದಲ ಹೆಂಗಸ್ರನ್ನ ಕೇಳ್ರಿ. ಕಟ್ಟಡ ಆಮ್ಯಾಲ."

ಹತ್ತಕ್ಕೆ ಶಾಲೆಯ ಗಂಟೆ ಹೊಡೆಯುತ್ತದೆ. ಒಂಬತ್ತನೇ ಇಯತ್ತೆಗೆ ಹೋಗುತ್ತಿರುವ ಕನ್ನಡದ ಟೀಚರ್ ಅದೇ ವಿಜಯಲಕ್ಷ್ಮಿ, ಎಂಟು ದಿನ ಓಡಾಡು ಎಂದಿದ್ದ ಹುಡುಗಿ. ಬಿ.ಎಡ್. ಮುಗಿಸಿ ಈ ಜೂನ್‌ನಲ್ಲಿ ಕೆಲಸಕ್ಕೆ ಸೇರಿದ್ದಾರೆ. ಅವರು ಹಾಜರಿ ಕರೆಯುವಾಗ ಖೀರು ಕಿಟಕಿಯ ಹೊರಗೆ ನಿಂತು ಕೇಳುತ್ತಾರೆ. ಮೂವತ್ತೊಂದು ಹೆಸರು. ಮೂವತ್ತೊಂದು ಸಲ ಹಾಜರ್ ಎಂಬ ದನಿ. ಟೀಚರ್ ಪುಸ್ತಕ ಮಡಚಿ ಕಿಟಕಿಯ ಕಡೆ ನೋಡಿ ತಲೆ ಆಡಿಸುತ್ತಾರೆ. ಎಲ್ಲರೂ ಇದ್ದಾರೆ ಎಂದರ್ಥ. ಖೀರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಶಾಲೆಯ ಕಟ್ಟೆಯ ಮೇಲೆ ಕೂರುತ್ತಾರೆ. ಅವರ ಮುಂಜಾನೆಯ ಕೆಲಸ ಅಲ್ಲಿಗೆ ಮುಗಿಯಿತು.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಹಿಟ್ಟಿನ ಡಬ್ಬಿ ಹೊತ್ತು ಹೋಗುತ್ತಿದ್ದ ಶೇವಂತಾಬಾಯಿ ಉತ್ತರ ಕೇಳಲು ನಿಲ್ಲುತ್ತಾರೆ. ಖೀರು ರುಮಾಲನ್ನು ಮತ್ತೆ ತಲೆಗೆ ಸುತ್ತುತ್ತಾರೆ.

"ಒಂದ ಐತ್ರಿ. ನಾ ಸತ್ತ ದಿನ ಸಾಲಿಗೆ ಸೂಟಿ ಕೊಡಬಾರದು."

"ಸಾಯೂ ಮಾತು ಯಾಕ ಕಾಕಾ ಮುಂಜ್ಮುಂಜಾನೆ?" ಶೇವಂತಾಬಾಯಿ ಗದರುತ್ತಾರೆ.

"ಪೂರಾ ಕೇಳಬೇ. ಊಟದ ಹೊತ್ತಿನ್ಯಾಗ ಎಲ್ಲಾರೂ ಬರ್ಲಿ, ಮುಖ ನೋಡ್ಲಿ. ಅಳೋದಿದ್ರ ಒಂಚೂರು ಅಳ್ಲಿ." ಒಳಗೆ ವಿಜಯಲಕ್ಷ್ಮಿ ಪಾಠ ಶುರು ಮಾಡಿದ್ದಾರೆ. ಖೀರು ದನಿ ತಗ್ಗಿಸುತ್ತಾರೆ. "ಗಂಟಿ ಬಾರಿಸಿದ ಕೂಡಲೆ ಹೊಳ್ಳಿ ಹೋಗಿ ಮುಂದಿನ ತಾಸಿಗೆ ಕುಂದರ್ಲಿ. ಅಷ್ಟ ಸಾಕ್ರಿ ನನಗ."